ರಾಜನ ಪೈಪನ್ನು ಹೊತ್ತಿಸುವವನು ಬೇರೆ

ಆಳೆತ್ತರದ ಪೈಪನ್ನು ಒಬ್ಬರೇ ಕೂತು ಸೇದಲು ಆಗುವುದಿಲ್ಲ. ಎಷ್ಟು ಕೈ ಚಾಚಿದರೂ ಬಟ್ಟಲು ಎಟುಕುವುದಿಲ್ಲ. ತಂಬಾಕು ತುಂಬಲು ಒಬ್ಬ ಬೇಕು, ಕೆಂಡ ಇಡಲು ಬೇಕು, ಸೇದುವಾಗ ಬಟ್ಟಲು ನೆಲಕ್ಕೆ ಬಡಿಯದ ಹಾಗೆ ಹಿಡಿದು ಕೂರಲೂ ಬೇಕು. ಪಲ್ಲಕ್ಕಿಯ ಲೆಕ್ಕವೇ ಇಲ್ಲೂ. ಹೊರುವವರಿಲ್ಲದಿದ್ದರೆ ಅದು ಬರೀ ಮರ. ಕ್ಯಾಮರೂನಿನ ಬೆಟ್ಟದ ಸೀಮೆಯಲ್ಲಿ ರಾಜರೂ ದೊಡ್ಡ ಮನೆತನದವರೂ ಇಂಥ ಪೈಪ್‌ಗಳನ್ನು ಇಟ್ಟುಕೊಳ್ಳುತ್ತಿದ್ದರು. ನನಗೇನೂ ಪೈಪ್ ಹುಚ್ಚಿಲ್ಲ, ಹೊಗೆ ಅಂದರೆ ದೂರ ಹೋಗುವ ಆಸಾಮಿ ನಾನು. ಆದರೆ ಯುರೋಪಿನ ಮ್ಯೂಸಿಯಂಗಳ ಆನ್‌ಲೈನ್ ಕ್ಯಾಟಲಾಗ್‌ಗಳಲ್ಲಿ ಸುಮ್ನೆ ಅಲೆಯುವ ಚಟ ಇದೆ. ಅಲ್ಲಿ ಇವು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಕೆಳಗೆ ಬರೆದಿರುವುದು ಇಷ್ಟೇ: ಪೈಪ್, ಮಣ್ಣು ಮತ್ತು ಮರ, ಕ್ಯಾಮರೂನ್. ಯಾರದ್ದು, ಯಾರು ಹೊತ್ತಿಸುತ್ತಿದ್ದರು, ಹೇಗೆ ಬಂತು, ಒಂದೂ ಇಲ್ಲ.

ಒಂದನ್ನು ಹತ್ತಿರದಿಂದ ನೋಡೋಣ. ಪಶ್ಚಿಮ ಕ್ಯಾಮರೂನಿನಲ್ಲಿ ಬಾಮುಮ್ ಅಂತ ಒಂದು ರಾಜ್ಯ, ರಾಜಧಾನಿ ಫುಂಬಾನ್. ಅಲ್ಲಿಯ ಮಣ್ಣಿನ ಪೈಪ್‌ಗಳಲ್ಲಿ ಬಟ್ಟಲೇ ಒಂದು ಮನುಷ್ಯನ ತಲೆ. ಕೆನ್ನೆ ಎರಡೂ ಚೆಂಡಿನ ಹಾಗೆ ಉಬ್ಬಿವೆ, ಹೊಗೆಯನ್ನು ಇವನೇ ಬಾಯಲ್ಲಿ ಹಿಡಿದು ಕೂತಂತೆ. ತಲೆಯ ಮೇಲೆ ತೂತುತೂತಾದ ಜಾಲರಿ ಕೆತ್ತನೆಯ ಎತ್ತರದ ಮುಡಿ. ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ಆ ಜಾಲರಿಯ ಎಳೆಗಳೆಲ್ಲ ಜೇಡದ ಕಾಲುಗಳು ಅಂತ ಗೊತ್ತಾಗುತ್ತದೆ. ನೆಲದೊಳಗೆ ಬಿಲ ಮಾಡುವ ದೊಡ್ಡ ಜೇಡ ಅದು. ಆ ಸೀಮೆಯಲ್ಲಿ ಕಣಿ ಕೇಳುವುದು ಅದರ ಹತ್ತಿರ. ಬಿಲದ ಬಾಯಲ್ಲಿ ಗುರುತು ಹಾಕಿದ ಎಲೆಯ ತುಂಡುಗಳನ್ನು ಇಡುತ್ತಾರೆ, ಜೇಡ ಹೊರಗೆ ಬಂದು ಅವನ್ನು ಅಲುಗಾಡಿಸುತ್ತದೆ, ಅವು ಬಿದ್ದ ರೀತಿ ನೋಡಿ ಕಣಿ ಹೇಳುವವನು ಉತ್ತರ ಹೇಳುತ್ತಾನೆ. ನೆಲದ ಕೆಳಗಿನ ಹಿರಿಯರ ಮಾತು ಜೇಡಕ್ಕೆ ಗೊತ್ತು ಅನ್ನುವುದು ನಂಬಿಕೆ. ಹಾಗಾಗಿ ಜೇಡವಿರುವ ಪೈಪ್ ಹಿಡಿದವನು ನೆಲದ ಮಾತು ಬಲ್ಲವನು.

ರಾಜನ ಪೈಪ್‌ಗಳು ಇನ್ನೂ ಜೋರು. ಹಿತ್ತಾಳೆಯ ಬಟ್ಟಲು, ಮೇಣದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಮೇಣದಲ್ಲಿ ಆಕಾರ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಕರಗಿದ ಮೇಣ ಹೋದ ಜಾಗಕ್ಕೆ ಕಾದ ಹಿತ್ತಾಳೆ ಹುಯ್ಯುವುದು. ಅಚ್ಚು ಒಡೆದರೆ ಮಾತ್ರ ವಸ್ತು ಹೊರಗೆ ಬರುತ್ತದೆ, ಅಂದರೆ ಅದೇ ಅಚ್ಚಿನಲ್ಲಿ ಇನ್ನೊಂದು ಪೈಪ್ ಹುಟ್ಟುವುದಿಲ್ಲ. ಕೊಳವೆಗೆ ಗಾಜಿನ ಮಣಿ ಸುತ್ತುತ್ತಿದ್ದರು. ಆ ಮಣಿಗಳು ವೆನಿಸ್, ಬೊಹೆಮಿಯಾ ಕಡೆಯಿಂದ ಕೈ ಬದಲಾಯಿಸಿ ಬದಲಾಯಿಸಿ ಬೆಟ್ಟ ಹತ್ತಿದವು. ಹಿತ್ತಾಳೆಯೂ ಬಹುಪಾಲು ವ್ಯಾಪಾರದಲ್ಲಿ ಬಂದದ್ದೇ. ಆನೆ, ಎರಡು ತಲೆಯ ಹಾವು, ಇವೆಲ್ಲ ಅರಮನೆಯ ಗುರುತುಗಳು, ಕಂಡವರೆಲ್ಲ ಹಾಕಿಕೊಳ್ಳುವ ಹಾಗಿಲ್ಲ. ಎರಡು ತಲೆಯ ಹಾವು ಎಂಬ್ವೆಂಬ್ವೆ ಎಂಬ ರಾಜನ ಕಾಲದ್ದು, ಎರಡು ದಿಕ್ಕಿನ ಶತ್ರುಗಳನ್ನು ಒಟ್ಟಿಗೇ ಎದುರಿಸಿ ಗೆದ್ದದ್ದರ ನೆನಪು. ಸಾಮಾನ್ಯ ಜನರಿಗೆ ಸಾದಾ ಮಣ್ಣಿನ ಸಣ್ಣ ಪೈಪ್. ಸೇದುವುದು ಎಲ್ಲರೂ ಸೇದುತ್ತಿದ್ದರು, ಹೆಂಗಸರೂ. ಯಾರು ಎಂಥದ್ದರಲ್ಲಿ ಸೇದುತ್ತಾರೆ ಅನ್ನುವುದರಲ್ಲೇ ಊರಿಗೆ ಅವರ ಸ್ಥಾನ ಗೊತ್ತಾಗುತ್ತಿತ್ತು.

ಇದರಲ್ಲಿ ತಮಾಷೆ ಏನು ಗೊತ್ತಾ? ತಂಬಾಕು ಆಫ್ರಿಕಾದ್ದೇ ಅಲ್ಲ. ಅಮೆರಿಕ ಖಂಡದ ಗಿಡ ಅದು. 16ನೇ ಶತಮಾನದಲ್ಲಿ ಹಡಗು ಹತ್ತಿ ಬಂದು ಒಂದೆರಡು ತಲೆಮಾರಿನಲ್ಲಿ ಕರಾವಳಿಯಿಂದ ಒಳನಾಡಿಗೆ ಹಬ್ಬಿತು. ಪಶ್ಚಿಮ ಆಫ್ರಿಕಾದಲ್ಲಿ ನೆಲ ಅಗೆಯುವ ಪುರಾತತ್ವದವರಿಗೆ ಮಣ್ಣಿನ ಪೈಪಿನ ಚೂರು ಸಿಕ್ಕರೆ ಹಬ್ಬ, ಏಕೆಂದರೆ ತಂಬಾಕಿನ ಪೈಪ್ ಸಿಕ್ಕ ಪದರ ಆ ಗಿಡ ಬಂದ ಮೇಲಿನದ್ದೇ ಆಗಿರಬೇಕು. ಹೊರಗಿಂದ ಬಂದ ಒಂದು ಎಲೆ ಅಷ್ಟು ಬೇಗ ಸಿಂಹಾಸನದ ಪಕ್ಕ ಜಾಗ ಹಿಡಿಯಿತು.

ನಮ್ಮ ಕಡೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ನಾಟಕ ನಡೆದಿದೆ, ಅದೂ ಬಿಜಾಪುರದಲ್ಲಿ. ಅಕ್ಬರನ ದೂತ ಅಸದ್ ಬೇಗ್ 1604ರ ಹೊತ್ತಿಗೆ ಆದಿಲ್‌ಶಾಹಿ ದರಬಾರಿಗೆ ಬಂದಿದ್ದ. ಅಲ್ಲಿ ತಂಬಾಕು ಕಂಡ. ಉತ್ತರದಲ್ಲಿ ಅಂಥದ್ದನ್ನು ಅವನು ನೋಡಿರಲಿಲ್ಲ. ಬರೀ ಎಲೆ ತೆಗೆದುಕೊಂಡು ಹೋಗಿ ಬಾದಶಹನ ಮುಂದೆ ಇಡಲಿಕ್ಕಾಗುತ್ತದೆಯೇ? ಮೂರು ಮೊಳ ಉದ್ದದ ಕೊಳವೆ, ತುದಿಗಳಿಗೆ ರತ್ನ ಮತ್ತು ಮೀನಾಕಾರಿ, ಬಾಯಿಗಿಡಲು ಯೆಮನ್ನಿನ ಕೆಂಪು ಅಕೀಕು ಕಲ್ಲು, ಬಟ್ಟಲು ಚಿನ್ನದ್ದು, ಹೀಗೆ ಒಂದು ಪೈಪ್ ಮಾಡಿಸಿಕೊಂಡು ಹೋದ. ಹಕೀಮ ಬೇಡ ಎಂದರೂ ಅಕ್ಬರ್ ಒಂದೆರಡು ಸಲ ಎಳೆದು ನೋಡಿದನಂತೆ. ಮುಂದೆ 1617ರಲ್ಲಿ ಜಹಾಂಗೀರ್ ಇದನ್ನು ನಿಷೇಧಿಸಿದ, ಯಾರು ಕೇಳಿದರು ಬಿಡಿ. ಎಲೆ ಬಂದ ಕೂಡಲೇ ಅದಕ್ಕೆ ದರಬಾರಿನ ವೇಷ ತೊಡಿಸುವ ಬುದ್ಧಿ ಬಿಜಾಪುರದಿಂದ ಆಗ್ರಾಕ್ಕೆ ಹೋದವನಿಗೂ ಇತ್ತು, ಕಾಂಗೋದ ಕಾಡಿನ ರಾಜ್ಯಗಳಿಗೂ ಇತ್ತು.

ಕಾಂಗೋದಲ್ಲಿ ಕುಬಾ ಅಂತ ಒಂದು ರಾಜ್ಯ. ಅಲ್ಲಿಯವರ ನೆನಪಿನಲ್ಲಿ ತಂಬಾಕು ಬಂದದ್ದು ಶ್ಯಾಮ್ ಎಂಬ ರಾಜನ ಕಾಲಕ್ಕೆ, 17ನೇ ಶತಮಾನದಲ್ಲಿ. ಈ ಕಥೆಗಳನ್ನೆಲ್ಲ ಬರೆದುಕೊಂಡವನು ಹಂಗೇರಿಯ ಎಮಿಲ್ ಟೋರ್ಡೇ. 1907ರಿಂದ 1909ರವರೆಗೆ ಬ್ರಿಟಿಷ್ ಮ್ಯೂಸಿಯಂಗಾಗಿ ಅಲ್ಲಿ ತಿರುಗಿ, ಶ್ಯಾಮ್ ರಾಜನ ಮರದ ಮೂರ್ತಿಯನ್ನೂ ತೆಗೆದುಕೊಂಡು ಹೋದ. ಆ ಮೂರ್ತಿಯ ಮುಂದೆ ಇರುವುದು ಪೈಪ್ ಅಲ್ಲ, ಗುಣಿಗಳಿರುವ ಒಂದು ಆಟದ ಮಣೆ. ನಮ್ಮ ಅಳಗುಳಿ ಮಣೆಯ ಜಾತಿಯದ್ದೇ.

ರಾಜರ ಮಾತೇ ಜಾಸ್ತಿಯಾಯಿತು. ದಕ್ಷಿಣ ಆಫ್ರಿಕಾದ ಖೋಸಾ ಹೆಂಗಸರ ಪೈಪ್ ನನಗೆ ಇವೆಲ್ಲಕ್ಕಿಂತ ಇಷ್ಟ. ಮರದ ಪೈಪ್, ಮೇಲೆ ಮಣಿಯ ಕೆಲಸ, ಕೊಳವೆ ಉದ್ದ. ಎಳೆ ಹುಡುಗಿಯರು ಇದನ್ನು ಹಿಡಿಯುವ ಹಾಗಿಲ್ಲ. ಮದುವೆಯಾಗಿ, ಮಕ್ಕಳಾಗಿ, ವಯಸ್ಸು ಬರುತ್ತ ಹೋದ ಹಾಗೆ ಉದ್ದದ ಪೈಪ್ ಹಿಡಿಯುವ ಹಕ್ಕು ಬರುತ್ತದೆ. ಉದ್ದಕ್ಕೆ ಅವರು ಕೊಡುವ ಕಾರಣ ಸಖತ್ತಾಗಿದೆ: ಹಾಲು ಕುಡಿಯುವ ಮಗುವಿನ ಮೇಲೆ ಕೆಂಡ, ಬೂದಿ ಬೀಳಬಾರದು ಅಂತ. ಆಮೇಲೆ ಸೊಸೆ ಬಂದ ಮೇಲೂ ಅದೇ ಉದ್ದ ಇರುತ್ತದೆ, ಆಗ ಮಗುವಿನ ಕಾರಣ ಇರುವುದಿಲ್ಲ, ಅಧಿಕಾರದ ಕಾರಣ ಇರುತ್ತದೆ. ಜಾಂಬೆಜಿ ಕಣಿವೆಯ ಟೊಂಗಾ ಹೆಂಗಸರದ್ದು ಸೋರೆ ಬುರುಡೆಯ ಪೈಪ್. ಬುರುಡೆಯೊಳಗೆ ನೀರು, ಗುಡುಗುಡು ಸದ್ದು. ಅಲ್ಲಿ ಇದು ಹೆಂಗಸರದ್ದೇ, ಗಂಡಸರಿಗೆ ಪಾಲಿಲ್ಲ. 1950ರ ದಶಕದ ಕೊನೆಯಲ್ಲಿ ಕರೀಬಾ ಅಣೆಕಟ್ಟಿಗಾಗಿ ಸುಮಾರು 57,000 ಟೊಂಗಾ ಜನರನ್ನು ನದಿಯ ದಂಡೆಯಿಂದ ಎಬ್ಬಿಸಿದರು. ಆ ಬುರುಡೆ ಪೈಪ್ ಆಮೇಲೂ ಅಜ್ಜಿಯರ ಕೈಯಲ್ಲಿ ಉಳಿಯಿತು.

ಇನ್ನೊಂದು ಪೈಪ್ ಸಮುದ್ರ ದಾಟಿದೆ. ತಂಬಾಕಿನ ಕಥೆ ಹೇಳುತ್ತಾ ಗುಲಾಮರ ವ್ಯಾಪಾರ ಬಿಟ್ಟರೆ ಅದು ಸುಳ್ಳಾಗುತ್ತದೆ. ಬ್ರೆಜಿಲಿನ ಬಹಿಯಾದ ಕಡಿಮೆ ದರ್ಜೆಯ ತಂಬಾಕನ್ನು ಕಾಕಂಬಿಯಲ್ಲಿ ನೆನೆಸಿ ಉರುಳೆ ಸುತ್ತಿ ಇಂದಿನ ಬೆನಿನ್ ದೇಶದ ಕರಾವಳಿಗೆ ತರುತ್ತಿದ್ದರು. ಅದಕ್ಕೆ ಬದಲಾಗಿ ಮನುಷ್ಯರನ್ನು ತುಂಬಿಕೊಂಡು ಹೋಗುತ್ತಿದ್ದರು. ಹೀಗೆ ಹೋದ ಜನರ ಒಂದು ಸ್ಮಶಾನ ಬಾರ್ಬಡೋಸಿನ ನ್ಯೂಟನ್ ಎಂಬ ಕಬ್ಬಿನ ತೋಟದಲ್ಲಿದೆ. 1970ರ ದಶಕದಲ್ಲಿ ಅಗೆದಾಗ 72ನೇ ನಂಬರಿನ ಸಮಾಧಿಯಲ್ಲಿ ಒಬ್ಬ ವಯಸ್ಸಾದ ಗಂಡಸು ಸಿಕ್ಕಿದ. ಉಳಿದ ಸಮಾಧಿಗಳಲ್ಲಿ ಇಲ್ಲದಷ್ಟು ವಸ್ತುಗಳು ಇವನ ಜೊತೆ ಇದ್ದವು: ಕವಡೆ, ನಾಯಿಯ ಹಲ್ಲು, ಗಾಜಿನ ಮಣಿ ಸೇರಿಸಿ ಪೋಣಿಸಿದ ಹಾರ, ಲೋಹದ ಬಳೆ, ಉಂಗುರ, ಒಂದು ಚಾಕು, ಮತ್ತು ಆಫ್ರಿಕಾದಲ್ಲೇ, ಬಹುಶಃ ಇಂದಿನ ಘಾನಾದ ಕಡೆ, ಮಾಡಿದ ಗಿಡ್ಡ ಕೊಳವೆಯ ಮಣ್ಣಿನ ಪೈಪ್. ಹಾರದಲ್ಲಿದ್ದ ಕೆಂಪು ಅಕೀಕು ಮಣಿಗಳು ಗುಜರಾತಿನ ಖಂಭಾತ್ ಕಡೆಯವು ಅಂತ ಅಂದಾಜು. ಮದ್ದು ಕೊಡುವವನೋ ಕಣಿ ಹೇಳುವವನೋ ಆಗಿದ್ದಿರಬೇಕು ಅನ್ನುತ್ತಾರೆ ಅಗೆದವರು. ಕಬ್ಬಿನ ತೋಟದ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಒಂದು ಬೆಲೆ ಬಿಟ್ಟರೆ ಬೇರೆ ಸ್ಥಾನ ಇರಲಿಲ್ಲ. ಹೂತವರಿಗೆ ಮಾತ್ರ ಅವನು ಯಾರು ಅಂತ ಚೆನ್ನಾಗಿ ಗೊತ್ತಿತ್ತು.

ಸರಿ, ಇವೆಲ್ಲ ಮ್ಯೂಸಿಯಂಗೆ ಹೋದದ್ದು ಹೇಗೆ? ಲೂಟಿ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು, ಎಷ್ಟೋ ಕಡೆ ಅದು ನಿಜವೇ. ಆದರೆ ಕ್ಯಾಮರೂನಿನ ಕಥೆ ಓದಿದರೆ ತಲೆ ಕೆಡುತ್ತದೆ. ಜರ್ಮನ್ನರು 1884ರಲ್ಲಿ ಅಲ್ಲಿ ಬಾವುಟ ನೆಟ್ಟರು. 1889ರಲ್ಲಿ ಒಂದು ನಿಯಮ ಬಂತು: ಸರ್ಕಾರಿ ಖರ್ಚಿನ ದಂಡಯಾತ್ರೆಗಳಲ್ಲಿ ಸಿಕ್ಕ ವಸ್ತುಗಳೆಲ್ಲ ಮೊದಲು ಬರ್ಲಿನ್ನಿನ ಮ್ಯೂಸಿಯಂಗೆ ಹೋಗಬೇಕು. ಉಳಿದ ಊರಿನ ಮ್ಯೂಸಿಯಂಗಳಿಗೆ ಹೊಟ್ಟೆಯುರಿ. ಸ್ಟುಟ್‌ಗಾರ್ಟ್‌ನಲ್ಲಿ ಕಾರ್ಲ್ ಫಾನ್ ಲಿಂಡೆನ್ ಎಂಬ ಮಹಾಶಯ ಒಂದು ಉಪಾಯ ಕಂಡುಕೊಂಡ. ವಸಾಹತಿನಲ್ಲಿದ್ದ ಅಧಿಕಾರಿಗಳಿಗೆ ಪತ್ರ ಬರೆಯುವುದು, ನೀವು ವಸ್ತು ಕಳಿಸಿ, ನಾನು ವ್ಯೂರ್ಟೆಂಬರ್ಗ್ ರಾಜನಿಂದ ನಿಮಗೆ ಪದಕ ಕೊಡಿಸುತ್ತೇನೆ ಅಂತ. ವಸ್ತುಗಳು ಪೆಟ್ಟಿಗೆಗಟ್ಟಲೆ ಬಂದವು. ಒಬ್ಬ ಫಾನ್‌ನ, ಅಂದರೆ ಅಲ್ಲಿಯ ದೊರೆಯ, ಸ್ಥಾನದ ಗುರುತಾಗಿದ್ದ ಪೈಪ್ ಒಬ್ಬ ಜರ್ಮನ್ ಕ್ಯಾಪ್ಟನ್ನನ ಎದೆಯ ಮೇಲೆ ಪದಕವಾಯಿತು. ಇಂದಿಗೂ ಜರ್ಮನಿಯಲ್ಲಿ ಕ್ಯಾಮರೂನಿನ ವಸ್ತುಗಳು ಅತಿ ಹೆಚ್ಚು ಇರುವುದು ಬರ್ಲಿನ್ನಿನಲ್ಲಿ ಅಲ್ಲ, ಸ್ಟುಟ್‌ಗಾರ್ಟ್‌ನ ಲಿಂಡೆನ್ ಮ್ಯೂಸಿಯಂನಲ್ಲಿ, 8,000ಕ್ಕೂ ಜಾಸ್ತಿ. ಜರ್ಮನಿಯ ಸಾರ್ವಜನಿಕ ಮ್ಯೂಸಿಯಂಗಳಲ್ಲಿ ಒಟ್ಟು 40,000ಕ್ಕೂ ಮೀರಿ ಇವೆ ಎಂದು 2023ರಲ್ಲಿ ಕ್ಯಾಮರೂನ್ ಮತ್ತು ಜರ್ಮನಿಯ ಸಂಶೋಧಕರು ಸೇರಿ ಲೆಕ್ಕ ಹಾಕಿದರು. ಬಹುಪಾಲು ಗೋದಾಮಿನಲ್ಲಿ.

ಬಾಮುಮ್ ಮಾತ್ರ ಹೀಗೆ ದಂಡೆತ್ತಿ ಹೋಗಿ ಗೆದ್ದ ರಾಜ್ಯವಲ್ಲ. 1902ರಲ್ಲಿ ಜರ್ಮನ್ನರು ಫುಂಬಾನ್‌ಗೆ ಬಂದಾಗ ರಾಜ ಎನ್‌ಜೋಯಾ ಯುದ್ಧಕ್ಕೆ ನಿಲ್ಲಲಿಲ್ಲ. ತನ್ನ ಜನರ ಭಾಷೆಗೆ ತಾನೇ ಲಿಪಿ ಮಾಡಿಸಿದ, ಶಾಲೆ ತೆಗೆಸಿದ, ತನ್ನ ರಾಜ್ಯದ ನಕ್ಷೆ ಬರೆಸಿದ ಮನುಷ್ಯ ಅವನು, ಲೆಕ್ಕಾಚಾರ ಚೆನ್ನಾಗಿ ಗೊತ್ತಿತ್ತು. ಅವನ ತಂದೆ ಎನ್‌ಸಾಂಗು ಪಕ್ಕದ ಎನ್ಸೋ ರಾಜ್ಯದ ಮೇಲಿನ ಯುದ್ಧದಲ್ಲಿ ಸತ್ತು, ತಲೆ ಶತ್ರುಗಳ ಕೈಯಲ್ಲೇ ಉಳಿದಿತ್ತು. 1906ರಲ್ಲಿ ಜರ್ಮನ್ನರು ಎನ್ಸೋ ಮೇಲೆ ಹೋದಾಗ ಎನ್‌ಜೋಯಾ ಅವರ ಜೊತೆ ಸೇರಿ, ತಂದೆಯ ತಲೆಯನ್ನು ವಾಪಸ್ ತಂದ. ಎರಡು ವರ್ಷದ ನಂತರ, 1908ರಲ್ಲಿ, ತಂದೆಯ ಮಣಿಯ ಸಿಂಹಾಸನ ಜರ್ಮನಿಯ ಚಕ್ರವರ್ತಿಗೆ ಕಾಣಿಕೆಯಾಗಿ ಹೋಯಿತು. ಮೊದಲು ಅವನು ಕೊಡಬೇಕೆಂದಿದ್ದದ್ದು ಅದರ ನಕಲನ್ನು. ನಕಲು ಸಮಯಕ್ಕೆ ಮುಗಿಯಲಿಲ್ಲ, ಅಸಲನ್ನೇ ಕೊಡು ಅಂತ ಅಧಿಕಾರಿಗಳ ಒತ್ತಾಯ. ಇದನ್ನು ಕಾಣಿಕೆ ಅನ್ನಬೇಕೋ, ಕಸಿದದ್ದು ಅನ್ನಬೇಕೋ? ಮ್ಯೂಸಿಯಂ ರಿಜಿಸ್ಟರಿನಲ್ಲಿ ಒಂದೇ ಕಾಲಂ ಇರುತ್ತದೆ, ಅಲ್ಲಿ ಒಂದೇ ಪದ ಬರೆಯಬೇಕು. ನನಗಂತೂ ತುಪಾಕಿ ಹಿಡಿದವನು ಪಕ್ಕದಲ್ಲಿ ನಿಂತಿರುವಾಗ ಕೊಟ್ಟದ್ದನ್ನು ಕಾಣಿಕೆ ಎನ್ನಲು ಮನಸ್ಸು ಬರುವುದಿಲ್ಲ. ಹಾಗಂತ ಎನ್‌ಜೋಯಾನನ್ನು ಬರೀ ಮೋಸ ಹೋದವನ ಹಾಗೆ ನೋಡುವುದೂ ಅವನಿಗೆ ಮಾಡುವ ಅವಮಾನವೇ. ಯುರೋಪಿನವರಿಗೆ ಪೈಪ್ ಇಷ್ಟ ಅಂತ ಗೊತ್ತಾದ ಮೇಲೆ ಫುಂಬಾನ್‌ನ ಎರಕದವರು ಅವರಿಗೆಂದೇ ದೊಡ್ಡದೊಡ್ಡ ಪೈಪ್‌ಗಳನ್ನು ಮಾಡಿ ಮಾರಿದರು. ಹಾಗಾಗಿ ಇಂದು ಗಾಜಿನ ಹಿಂದೆ ಗಂಭೀರವಾಗಿ ಕೂತಿರುವ ಕೆಲವು ರಾಜಗಾಂಭೀರ್ಯದ ಪೈಪ್‌ಗಳಿಗೆ ಯಾರೂ ಒಮ್ಮೆಯೂ ಬೆಂಕಿ ಇಟ್ಟೇ ಇಲ್ಲ. ಇದನ್ನು ಓದಿ ನಾನು ಸಿಕ್ಕಾಪಟ್ಟೆ ನಕ್ಕೆ.

ಘಾನಾದ ಅಸಾಂಟೆ ರಾಜ್ಯದ ವಿಷಯದಲ್ಲಿ ಇಂಥ ಗೊಂದಲವೇನೂ ಇಲ್ಲ. 1817ರಲ್ಲಿ ಬೌಡಿಚ್ ಎಂಬ ಇಂಗ್ಲಿಷಿನವನು ಅದರ ರಾಜಧಾನಿ ಕುಮಾಸಿಯ ದರಬಾರಿಗೆ ಹೋದಾಗ ಎತ್ತ ನೋಡಿದರೂ ಚಿನ್ನ, ಬೆಳ್ಳಿಯ ಪೈಪ್‌ಗಳು ಕಣ್ಣು ಕುಕ್ಕುತ್ತಿದ್ದವು ಅಂತ ಬರೆದಿದ್ದಾನೆ. 1874ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನಾಪತಿ ವುಲ್ಸ್‌ಲಿಯ ಸೈನ್ಯ ಅದೇ ಕುಮಾಸಿಗೆ ನುಗ್ಗಿ ಅರಮನೆ ಬರಿದು ಮಾಡಿ, ಸಿಡಿಮದ್ದಿಟ್ಟು, ಊರಿಗೆ ಬೆಂಕಿ ಹಚ್ಚಿ ಹೊರಟಿತು. ಸಾಲದ್ದಕ್ಕೆ ಯುದ್ಧದ ಖರ್ಚು ಅಂತ 50,000 ಔನ್ಸ್ ಚಿನ್ನದ ದಂಡ ಬೇರೆ. ಅರಮನೆಯ ಚಿನ್ನ ಲಂಡನ್ನಿನ ಗೆರಾರ್ಡ್ ಎಂಬ ಆಭರಣದ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಅಂತ ಕರೆಯುವ ಮ್ಯೂಸಿಯಂ ಅಲ್ಲಿಂದ ಒಂದಷ್ಟು ಕೊಂಡುಕೊಂಡಿತು, ರಸೀದಿ ಸಮೇತ.

ಆ ಮ್ಯೂಸಿಯಂ ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ 2024ರಲ್ಲಿ 32 ವಸ್ತುಗಳನ್ನು ಕುಮಾಸಿಯ ಮಾನ್‌ಹಿಯಾ ಅರಮನೆಯ ಮ್ಯೂಸಿಯಂಗೆ ಕಳಿಸಿದವು. ಅವುಗಳಲ್ಲಿ ಒಂದು ಚಿನ್ನದ ಪೈಪ್ ಕೂಡ ಇತ್ತು, ಸುದ್ದಿಯವರು ಅದನ್ನು ಶಾಂತಿಯ ಪೈಪ್ ಅಂತ ಕರೆದರು. ಕಳಿಸಿದ್ದು ಎರವಲು, ಮೂರು ವರ್ಷಕ್ಕೆ, ಬೇಕಾದರೆ ಇನ್ನೂ ಮೂರು. ಪೂರ್ತಿ ವಾಪಸ್ ಕೊಡಲು ಬ್ರಿಟನ್ನಿನ ಕಾನೂನು ಬಿಡುವುದಿಲ್ಲವಂತೆ, ಬ್ರಿಟಿಷ್ ಮ್ಯೂಸಿಯಂಗೆ 1963ರದ್ದು, ಇನ್ನೊಂದಕ್ಕೆ 1983ರದ್ದು. ಅದೇ 2024ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಫೌಲರ್ ಮ್ಯೂಸಿಯಂ ತನ್ನ ಹತ್ತಿರವಿದ್ದ ಏಳು ಅಸಾಂಟೆ ವಸ್ತುಗಳನ್ನು ಪೂರ್ತಿಯಾಗಿ ವಾಪಸ್ ಕೊಟ್ಟಿತು. ಅಂದರೆ ಮನಸ್ಸಿದ್ದವರಿಗೆ ದಾರಿ ಸಿಕ್ಕಿದೆ. ಮನೆಯಿಂದ ಕದ್ದದ್ದನ್ನು ಮನೆಯವರಿಗೇ ಎರವಲು ಕೊಟ್ಟು ಸಹಿ ಹಾಕಿಸಿಕೊಳ್ಳುವುದಕ್ಕೆ ಧೈರ್ಯ ಬೇಕು ಮಾರಾಯ್ರೆ.

ಇಲ್ಲಿ ನಮ್ಮ ಮಂಗಳೂರು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. 1874ರ ಆ ಯುದ್ಧಕ್ಕೆ ಇಂಗ್ಲಿಷರು ಕೊಟ್ಟ ಕಾರಣಗಳಲ್ಲಿ ಒಂದು, ಕುಮಾಸಿಯಲ್ಲಿ ಸೆರೆಯಲ್ಲಿದ್ದ ಯುರೋಪಿಯನ್ನರನ್ನು ಬಿಡಿಸುವುದು. 1869ರಿಂದ ಅಲ್ಲಿ ಸೆರೆಯಲ್ಲಿದ್ದ ರಾಮ್‌ಸೇಯರ್ ದಂಪತಿ ಮತ್ತು ಕ್ಯೂನೆ ಬಾಸೆಲ್ ಮಿಶನ್ನಿನವರು. ಹೌದು, ಅದೇ ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದದ್ದು, ಮಂಗಳೂರು ಸಮಾಚಾರ ತೆಗೆದದ್ದು, ಹಂಚಿನ ಕಾರ್ಖಾನೆ ನಡೆಸಿದ್ದು, ಕಿಟ್ಟೆಲ್ ಅವರ ನಿಘಂಟು ನಮಗೆ ಕೊಟ್ಟದ್ದು. 1906ರಲ್ಲಿ ಫುಂಬಾನ್‌ನ ಎನ್‌ಜೋಯಾನ ಊರಿಗೆ ಹೋಗಿ ಶಾಲೆ ತೆರೆದದ್ದೂ ಇದೇ ಮಿಶನ್. ಎನ್‌ಜೋಯಾ ಮತ್ತು ಅವನ ಅರಮನೆಯವರ ಅತ್ಯುತ್ತಮ ಫೋಟೋಗಳನ್ನು ತೆಗೆದ ಅನ್ನಾ ವೂರ್‌ಮನ್ ಅಲ್ಲಿ ಮಿಶನ್ ಶಾಲೆಯ ಟೀಚರ್. ಮಿಶನ್ನಿನವರು ಹೋದಲ್ಲೆಲ್ಲ ವಸ್ತುಗಳನ್ನು ಕೂಡಿಸಿ ಊರಿಗೆ ಕಳಿಸುತ್ತಿದ್ದರು. ಆ ಸಂಗ್ರಹ ಈಗ ಬಾಸೆಲಿನ ಸಂಸ್ಕೃತಿಗಳ ಮ್ಯೂಸಿಯಂನಲ್ಲಿದೆ, ಆಫ್ರಿಕಾದ್ದೂ ಇದೆ, ನಮ್ಮ ಕಡೆಯದ್ದೂ ಇದೆ. ಕಿಟ್ಟೆಲ್ ಬಗ್ಗೆ ಇಷ್ಟು ಮಾತಾಡುವ ನಾವು ಈ ಕಡೆಗೆ ಕಣ್ಣು ಹಾಯಿಸುವುದೇ ಇಲ್ಲ ಅಲ್ವಾ?

ಸಿಂಹಾಸನ, ಬಾಗಿಲು, ಮೂರ್ತಿ, ಇವಕ್ಕೆಲ್ಲ ಕೇಳುವವರಿದ್ದಾರೆ, ಟಿವಿಯವರು ಬರುತ್ತಾರೆ. 2023ರಲ್ಲಿ ಬಾಮುಮ್‌ನ ಈಗಿನ ಯುವ ಸುಲ್ತಾನ ಬರ್ಲಿನ್ನಿಗೆ ಹೋಗಿ ಮುತ್ತಾತನ ಕಾಲದ ಆ ಸಿಂಹಾಸನದ ಮೇಲೆ ಸೀದಾ ಕೂತುಬಿಟ್ಟ, ಅದು ದೊಡ್ಡ ಸುದ್ದಿಯಾಯಿತು. ಪೈಪ್ ಹಾಗಲ್ಲ. ಕೈಚೀಲದಲ್ಲಿ ಹಿಡಿಸುವ ಬಟ್ಟಲನ್ನು ಕೊಳವೆಯಿಂದ ಕಳಚಿ ಒಯ್ದರು. ಎಷ್ಟೋ ಕಡೆ ಬಟ್ಟಲು ಮಾತ್ರ ಇದೆ, ಕೊಳವೆ ಇಲ್ಲ. ಉದ್ದದಲ್ಲೇ ಇಡೀ ಅಂತಸ್ತು ಇದ್ದ ವಸ್ತುವಿಗೆ ಉದ್ದವೇ ಇಲ್ಲದ ಹಾಗಾಗಿದೆ. ಹಾಗಿದ್ದೂ ಕ್ಯಾಟಲಾಗಿನಲ್ಲಿ ಎತ್ತರ, ಅಗಲ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದು ಕೈ ತೊಳೆದುಕೊಂಡಿದ್ದಾರೆ. ಬಟ್ಟಲಿನ ಫೋಟೋ ಪಕ್ಕದಲ್ಲಿ, ಇದಕ್ಕೆ ಕೊಳವೆ ಇತ್ತು, ಹೊತ್ತಿಸಲು ಒಬ್ಬ ಇದ್ದ ಅಂತ ಎರಡು ಸಾಲು ಸೇರಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲವಲ್ಲ.

ಫುಂಬಾನ್‌ನಲ್ಲಿ 2024ರಲ್ಲಿ ಹೊಸ ಮ್ಯೂಸಿಯಂ ತೆರೆದಿದೆ, ಕಟ್ಟಡವೇ ಎರಡು ತಲೆಯ ಹಾವು, ಮೇಲೆ ಜೇಡ. ಆ ಸೀಮೆಯ ಅರಮನೆ ಮ್ಯೂಸಿಯಂಗಳಲ್ಲಿ ವಸ್ತು ಒಳಗೆ ಹೋಯಿತೆಂದರೆ ಮುಗಿಯಿತು ಅಂತಿಲ್ಲ, ಹಬ್ಬ ಬಂದರೆ ಹೊರಗೆ ತೆಗೆದು ಬಳಸುತ್ತಾರೆ. ಬಾಮುಮ್‌ನ ಎನ್‌ಗುವಾನ್ ಹಬ್ಬದಲ್ಲಿ ರಾಜನನ್ನು ಎಲ್ಲರೆದುರು ನಿಲ್ಲಿಸಿ, ಅವನ ತಪ್ಪುಗಳನ್ನು ಹೇಳಿ, ಆಮೇಲೆ ಮತ್ತೆ ರಾಜನನ್ನಾಗಿ ಮಾಡುತ್ತಾರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಅದು ಸೇರಿತು. ನಮ್ಮಲ್ಲೂ ಐದು ವರ್ಷಕ್ಕೊಮ್ಮೆಗಿಂತ ಬೇಗ ಇಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು, ಅದು ಬೇರೆ ಮಾತು.

ಬಾಸೆಲ್, ಸ್ಟುಟ್‌ಗಾರ್ಟ್ ಕಡೆ ಇರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಒಂದು ಭಾನುವಾರ ಆ ಮ್ಯೂಸಿಯಂಗಳಿಗೆ ಹೋಗಿ ಬನ್ನಿ. ಪೈಪ್‌ಗಳು ಹೊರಗೆ ಇಟ್ಟಿದ್ದಾರೋ ಇಲ್ಲವೋ ನೋಡಿ, ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಫೋಟೋ ತೆಗೆದು ಕಳಿಸಿ. ಬಾಸೆಲಿನವರು ಮಂಗಳೂರು, ಧಾರವಾಡದಿಂದ ಹೋದ ಪೆಟ್ಟಿಗೆಗಳಲ್ಲಿ ಏನೇನಿತ್ತು ಅಂತಲೂ ಕೇಳಿ. ಆನ್‌ಲೈನಿನಲ್ಲಿ ಹುಡುಕುವವರು ಫುಂಬಾನ್ ಹೆಸರನ್ನು ಫ್ರೆಂಚ್ ಸ್ಪೆಲಿಂಗಿನಲ್ಲೂ (Foumban) ಜರ್ಮನ್ ಸ್ಪೆಲಿಂಗಿನಲ್ಲೂ (Fumban) ಹಾಕಿ ನೋಡಿ, ಹಳೆಯ ದಾಖಲೆಗಳೆಲ್ಲ ಜರ್ಮನ್ ಸ್ಪೆಲಿಂಗಿನಲ್ಲೇ ಇವೆ.